ನಾಯಿ ಸಂಖ್ಯೆ ಹನ್ನೆರಡರ ಏಕಾದಶಿ

ನಮ್ಮ ಮಯೂರ್ ವಿಹಾರದ ಫ್ಲ್ಯಾಟಿನಲ್ಲಿ ಪಂಚಾಂಗ ತೂಗುಹಾಕುವ ಮೊಳೆಗೆ ಈಚೆಗೆ ಇನ್ನೊಂದು ವಸ್ತು ಜೊತೆಯಾಗಿದೆ. ಕಿತ್ತಳೆ ಬಣ್ಣದ, ಒಂದು ತುದಿ ಕಚ್ಚಿ ಹರಿದ ನೈಲಾನ್ ಪಟ್ಟಿ. ಅದರ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಮನೆಗೆ ಬಂದವರ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ. ಒಬ್ಬರು ಬೆನ್ನುನೋವಿನ ಪಟ್ಟಿಯೇ ಎಂದು ಕೇಳಿದರು. ಇನ್ನೊಬ್ಬರು, ಸ್ವಲ್ಪ ಮಡಿವಂತರು, ದೇವರ ಗೂಡಿನ ಪಕ್ಕದಲ್ಲಿದೆಯಲ್ಲ ಎಂದು ಕೈಮುಗಿದೇ ಬಿಟ್ಟರು. ಅದು ನಾಯಿಯ ಎದೆಗೆ ಕಟ್ಟುವ ಪಟ್ಟಿ ಎಂದಿದ್ದರೆ ಅವರು ಕಾಫಿಯನ್ನು ಅರ್ಧಕ್ಕೇ ಇಟ್ಟು ಏಳುತ್ತಿದ್ದರು, ಅದಕ್ಕೆ ಸುಮ್ಮನಿದ್ದೆ. ನಿಮಗಾದರೆ ಹೇಳಬಹುದು. ನಿಮ್ಮ ಕಾಫಿ ಮುಗಿದಿದೆ ಎಂದುಕೊಂಡಿದ್ದೇನೆ.

ನಾನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಮೂವತ್ತನಾಲ್ಕು ವರ್ಷ ಫೈಲುಗಳ ನಡುವೆ ಬಾಳಿ, ಸೆಕ್ಷನ್ ಆಫೀಸರಾಗಿ ನಿವೃತ್ತಳಾದವಳು. ಕೊನೆಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ, ಒಂದು ಬಿ.ಪಿ., ಮೂರನ್ನೂ ಒಟ್ಟಿಗೇ ಮನೆಗೆ ತಂದೆ. ಶಾಲು ಯಾರಿಗೋ ಕೊಟ್ಟಾಯಿತು, ಗಡಿಯಾರ ನಿಂತಿತು, ಬಿ.ಪಿ. ಮಾತ್ರ ಚೆನ್ನಾಗಿ ನಡೆಯುತ್ತಿತ್ತು.

ನಾಯಿಗೂ ನನಗೂ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಸುಡುಬಿಸಿಲಿನಲ್ಲೂ ಮಳೆಯಿಲ್ಲದ ಚಳಿಗಾಲದಲ್ಲೂ ನನ್ನ ಕೈಯಲ್ಲಿ ಕೊಡೆ ಇರುತ್ತಿದ್ದುದು ನಾಯಿಗಳಿಗಾಗಿ. ಒಮ್ಮೆ ಹಾಲು ತರಲು ಹೋಗಿ ಬರುವಷ್ಟರಲ್ಲಿ ನಮ್ಮ ಬ್ಲಾಕಿನ ಬಾಗಿಲಿಗೆ ಅಡ್ಡಲಾಗಿ ಒಂದು ನಾಯಿ ಮಲಗಿತ್ತು. ಅದು ಮಗ್ಗುಲು ಬದಲಿಸಲಿ ಎಂದು ಮುಕ್ಕಾಲು ಗಂಟೆ ಜೂನ್ ತಿಂಗಳ ಬಿಸಿಲಲ್ಲಿ ನಿಂತೆ. ಮನೆಗೆ ಬಂದು ಕಾಯಿಸಲಿಟ್ಟರೆ ಹಾಲು ಒಡೆಯಿತು. "ಒಳ್ಳೇದಾಯ್ತು ಬಿಡು, ಪನೀರ್ ಮಾಡು" ಎಂದರು ನಮ್ಮವರು. ಅವರು ಯಾವುದರಲ್ಲೂ ಒಳ್ಳೆಯದನ್ನೇ ಕಾಣುವ ಜನ, ಅದರಲ್ಲೂ ತಿನ್ನುವಂಥದ್ದಾದರೆ.

ಇಂಥ ನನ್ನ ಹತ್ತಿರ ಅಕ್ಕನ ಮಗಳು ಮೈತ್ರಿ ಬಂದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ವಸಂತ್ ಕುಂಜ್ ಕಡೆಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳ ಮಾತು ಕನ್ನಡದಲ್ಲಿ ಹೊರಟು, ನಡುವೆಲ್ಲೋ ಗಾಡಿ ಬದಲಾಯಿಸಿ ಹಿಂದಿ ಹತ್ತಿ, ಇಂಗ್ಲಿಷಿನಲ್ಲಿ ಇಳಿಯುತ್ತದೆ. ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ಚಿಕ್ಕಮ್ಮ, ನಂಗೆ ನಿಮ್ಮ ಬಿ.ಪಿ. ಬೇಕು."

ಅದನ್ನು ಬೇಕು ಎಂದು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. "ಪೂರ್ತಿ ತಗೊಂಡ್ ಹೋಗೇ ಮಾರಾಯ್ತಿ" ಎಂದೆ.

ಅವಳ ಸಂಶೋಧನೆಯ ವಿಷಯ, ಮನುಷ್ಯರೂ ಬೀದಿನಾಯಿಗಳೂ ಒಬ್ಬರಿಗೊಬ್ಬರು ಆರೋಗ್ಯ ಕೊಡುತ್ತಾರೆಯೇ ಎಂಬುದು. "ಬರೀ ನಾಯಿಯಿಂದ ನಮಗೆ ಫಾಯ್ದಾ ಅಲ್ಲ ಚಿಕ್ಕಮ್ಮ, ನಮ್ಮಿಂದ ಅದಕ್ಕೂ. ದೋನೋ ತರಫ್." ಒಬ್ಬ ಮನುಷ್ಯ, ಒಂದು ನಾಯಿ, ಹೀಗೆ ಹನ್ನೆರಡು ಜೋಡಿ ಬೇಕಿತ್ತು. ಹನ್ನೆರಡನೆಯವರಾಗಿದ್ದ ಹೌಜ್ ಖಾಸಿನ ಒಬ್ಬ ಪ್ರೊಫೆಸರಮ್ಮ ಮಗಳ ಬಾಣಂತನಕ್ಕೆಂದು ಹೊರಟೇ ಹೋಗಿದ್ದರು. "ಹನ್ನೆರಡು ಇಲ್ಲಾಂದ್ರೆ ಕಮಿಟಿ ಒಪ್ಪಲ್ಲ. ಪೂರಾ ಸಾಲ್ ಬರ್ಬಾದ್." ಈ ಸಲವೂ ಆಗದಿದ್ದರೆ ನಾಯಿಗಳನ್ನು ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಕೂರಬೇಕೆಂದು ಅವಳಪ್ಪ ಆಗಲೇ ಹೇಳಿಬಿಟ್ಟಿದ್ದರು. ಹುಡುಗಿಯ ಮುಖ ನೋಡಿ ನಾನು ಹೂಂ ಎಂದೆ. ಹೂಂ ಎಂದ ಮೇಲೆ ಕೊಡೆ ಎಲ್ಲಿದೆ ಎಂದು ನೋಡಿಕೊಂಡೆ.

"ನಾಯಿಯನ್ನೂ ಒಂದು ಮಾತು ಕೇಳ್ಬೇಕಲ್ಲ" ಎಂದರು ನಮ್ಮವರು, ಪೇಪರಿನ ಹಿಂದಿನಿಂದ.

ಹಾಲು ಒಡೆಸಿದ ಆ ನಾಯಿಯೇ ನನ್ನ ಪಾಲಿಗೆ ಬಂತು. ಕಂದು ಮೈ, ಎಡಗಿವಿ ಅರ್ಧ. ಗೇಟಿನ ಗಾರ್ಡುಗಳು ಭೂರಾ ಎಂದು ಕರೆಯುತ್ತಿದ್ದರು. ಮೈತ್ರಿಯ ಫಾರಮಿನಲ್ಲಿ ಅವನು 'ನಾಯಿ ಸಂಖ್ಯೆ ಹನ್ನೆರಡು', ನಾನು 'ಮನುಷ್ಯ ಸಂಖ್ಯೆ ಹನ್ನೆರಡು'. ಹಳೆಯ ಅಭ್ಯಾಸ ಬಿಡದೆ ನಾನು ನನ್ನ ಟಿಪ್ಪಣಿಯಲ್ಲಿ 'ಸದರಿ ನಾಯಿ' ಎಂದು ಬರೆಯುತ್ತಿದ್ದೆ. ನಿಯಮ ಸರಳವಾಗಿತ್ತು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅವನಿಗೆ ಊಟ ಹಾಕಬೇಕು, ಹತ್ತಿರ ಕೂರಬೇಕು, ಮೊದಲೂ ಆಮೇಲೂ ನನ್ನ ಬಿ.ಪಿ. ನೋಡಬೇಕು. ಅವನ ಎದೆಯ ಪಟ್ಟಿ ಅವನ ಹೆಜ್ಜೆಯನ್ನೂ ಎದೆಬಡಿತವನ್ನೂ ಬರೆದುಕೊಳ್ಳುತ್ತದೆ. ಫಾರಮಿನ ಕೊನೆಯ ಕಾಲಮ್ಮಿನಲ್ಲಿ 'ಇಂದು ದಿನಚರಿಯಲ್ಲಿ ಏನಾದರೂ ಬದಲಾವಣೆ?' ಎಂಬ ಪ್ರಶ್ನೆ. ಫಾರಮ್ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಈ ದೆಹಲಿಯಲ್ಲಿ ಹುಟ್ಟಬೇಕಷ್ಟೆ. ನಾಲ್ಕು ತಿಂಗಳಿಗೆ ಒಪ್ಪಿ ಮೂರು ಕಡೆ ಸಹಿ ಹಾಕಿದೆ.

ಇದು ಹೊಸ ವಿದ್ಯೆ ಎಂದು ಮೈತ್ರಿ ತಿಳಿದಿದ್ದಳು. ನನಗೆ ನನ್ನ ಅಜ್ಜಿ ನೆನಪಾದಳು. ಅಪ್ಪನಿಗೆ ಆಗ ಕರೋಲ್ ಬಾಗಿನಲ್ಲಿ ಚಿಕ್ಕದೊಂದು ಉಡುಪಿ ಹೋಟೆಲು, ಅದರ ಮಹಡಿಯ ಎರಡು ಕೋಣೆಗಳಲ್ಲಿ ನಾವು. ಕಣ್ಣಿನ ಆಪರೇಷನ್ನಿಗೆಂದು ಉಡುಪಿಯಿಂದ ಬಂದ ಅಜ್ಜಿ ಎಂಟು ತಿಂಗಳು ಉಳಿದಳು. ಹೋಟೆಲಿನ ಹಿಂದಿನ ಗಲ್ಲಿಗೆ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಒಂದು ಬಿಳಿ ದನ ಬಂದು ನಿಲ್ಲುತ್ತಿತ್ತು, ಬಾಳೆಹಣ್ಣಿನ ಸಿಪ್ಪೆಗೆ, ಕರಿಬೇವಿನ ಕಡ್ಡಿಗೆ, ಸೀದ ದೋಸೆಗೆ. ಅಜ್ಜಿಗೆ ಹಿಂದಿ ಬಾರದು, ದನಕ್ಕೆ ತುಳು ಬಾರದು, ಹಾಗಾಗಿ ಇಬ್ಬರಲ್ಲಿ ಒಂದು ದಿನವೂ ಮನಸ್ತಾಪ ಬರಲಿಲ್ಲ. ಆರು ವರ್ಷದ ನನಗೆ ಸದಾ ಸುರಿಯುವ ಮೂಗು. ಅಜ್ಜಿ ನನ್ನನ್ನು ಆ ದನದ ಹೊಟ್ಟೆಗೆ ಒರಗಿಸಿ ಕೂರಿಸುತ್ತಿದ್ದಳು. ಬೆಚ್ಚಗೆ, ಹುಲ್ಲಿನ ವಾಸನೆ, ಒಳಗೆಲ್ಲೋ ಗುಡುಗುಡು ಸದ್ದು. ದನದ ಕಾಲಿನ ಹುಣ್ಣಿಗೆ ಅಜ್ಜಿ ಅರಿಸಿನ ಎಣ್ಣೆ ಹಚ್ಚುತ್ತಿದ್ದಳು. "ದನಕ್ಕೆ ಒರಗಿ ಕೂತ್ರೆ ನಮ್ಮ ಅರ್ಧ ಕಾಯಿಲೆ ಹೋಗ್ತದೆ, ದನದ ಅರ್ಧ ಬೇಜಾರು ಹೋಗ್ತದೆ" ಎಂಬುದು ಅವಳ ಸಿದ್ಧಾಂತ. ಇದನ್ನು ಹೇಳಿದಾಗ ಮೈತ್ರಿ ಪೆನ್ನು ತೆಗೆದಳು.

"ಸೂಪರ್! ಇದು ಎಲ್ಲಿ ಪಬ್ಲಿಶ್ ಆಗಿದೆ?"

"ಕರೋಲ್ ಬಾಗಿನ ಹಿಂದಿನ ಗಲ್ಲಿಯಲ್ಲಿ" ಎಂದೆ. ಪೆನ್ನು ಒಳಗೆ ಹೋಯಿತು.

ಅಜ್ಜಿಯ ರಕ್ತ ನನ್ನಲ್ಲಿದೆ ಎಂದು ಹೇಳಿಕೊಂಡರೂ ಮೊದಲ ವಾರ ಅದು ಎಲ್ಲೂ ಕಾಣಿಸಲಿಲ್ಲ. ಭೂರಾನಿಗೆ ಮೊಸರನ್ನದ ತಟ್ಟೆಯನ್ನು ಕೊಡೆಯ ತುದಿಯಿಂದ ದೂಡುತ್ತಿದ್ದೆ. ಪಟ್ಟಿ ಕಟ್ಟಲು ಮೈತ್ರಿ, ಒಬ್ಬ ಗಾರ್ಡು ಮತ್ತು ನಮ್ಮವರು ಸೇರಿ ಹೋದರೆ, ಭೂರಾ ಮೂವರನ್ನೂ ನೆಕ್ಕಿದ. ನಾನು ಮೆಟ್ಟಿಲ ಮೇಲಿಂದ ನಿರ್ದೇಶನ ಕೊಟ್ಟೆ. ಆ ವಾರದ ನನ್ನ ಬಿ.ಪಿ. ಅಂಕಿಗಳನ್ನು ಮಾತ್ರ ನೋಡಿದರೆ, ನಾಯಿ ಮನುಷ್ಯನ ಆರೋಗ್ಯಕ್ಕೆ ಹಾನಿಕರ ಎಂದು ಯಾರಾದರೂ ಬೋರ್ಡು ಬರೆಸುತ್ತಿದ್ದರು.

ಎರಡನೆಯ ವಾರ ಕೊಡೆ ಮೇಲೆಯೇ ಉಳಿಯಿತು. ಮೂರನೆಯ ವಾರ ಅವನ ತಲೆಯನ್ನು ಒಂದು ಬೆರಳಿಂದ ಮುಟ್ಟಿದೆ. ಐದನೆಯ ವಾರಕ್ಕೆ ನಾನು ಯಾರೂ ಸಹಿಸಲಾರದ ಮನುಷ್ಯಳಾದೆ. ತರಕಾರಿ ಭಯ್ಯಾನಿಗೆ, ಪಾರ್ಕಿನ ಹೆಂಗಸರಿಗೆ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೆ, ನಾನು ವಿಜ್ಞಾನಕ್ಕೆ ಮಾಡುತ್ತಿರುವ ಸೇವೆಯನ್ನು ವರ್ಣಿಸುತ್ತಿದ್ದೆ. ನನ್ನ ಬಿ.ಪಿ. ನಿಜಕ್ಕೂ ಇಳಿದಿತ್ತು. ಭೂರಾನ ಪಕ್ಕೆಲುಬು ಕಾಣಿಸುವುದು ನಿಂತಿತ್ತು. ನಮ್ಮವರು ಮಾತ್ರ, ತಮಗೆ ಹಾಕುವುದಕ್ಕಿಂತ ಗಟ್ಟಿ ಮೊಸರು ಅವನಿಗೆ ಹೋಗುತ್ತಿದೆಯೆಂದು ಗೊಣಗುತ್ತಿದ್ದರು. ಅದೂ ನಿಜವೇ.

ನಾಲ್ಕು ತಿಂಗಳು ಮುಗಿಯುತ್ತ ಬಂದಾಗ, ಒಂದು ಗುರುವಾರ, ಮೈತ್ರಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಓಡಿ ಬಂದಳು. ಸೋಮವಾರ ಕಮಿಟಿಯ ಮುಂದೆ ವರದಿ ಮಂಡಿಸಬೇಕಿತ್ತು.

"ಚಿಕ್ಕಮ್ಮ, ನೀವು ಮತ್ತೆ ಭೂರಾ ಸ್ಟಾರ್ ಆಗ್ಬಿಟ್ರಿ! ಸಬ್‌ಸೇ ಬಡಿಯಾ ಜೋಡಿ! ಇಲ್ಲಿ ನೋಡಿ."

ಪರದೆಯ ಮೇಲೆ ಎರಡು ಗೆರೆ. ಕೆಂಪು ನನ್ನದು, ನೀಲಿ ಅವನದು. ಸರಿಸುಮಾರು ಹದಿನೈದು ದಿನಕ್ಕೊಮ್ಮೆ ಎರಡೂ ಒಟ್ಟಿಗೆ ಕುಸಿದು ಗುಂಡಿ ಬೀಳುತ್ತಿದ್ದವು. ನನ್ನ ಬಿ.ಪಿ. ಇಳಿಯುತ್ತಿತ್ತು, ಅವನ ಎದೆಬಡಿತ ಇಳಿಯುತ್ತಿತ್ತು, ಹನ್ನೊಂದರಿಂದ ಸಂಜೆಯವರೆಗೆ ಹೆಜ್ಜೆಗಳು ಇಲ್ಲವೇ ಇಲ್ಲ. ಮಾರನೆಯ ಬೆಳಿಗ್ಗೆ ಆರಕ್ಕೇ ನೀಲಿ ಗೆರೆ ಒಮ್ಮೆಲೇ ನೆಗೆದು ಮೇಲೇರುತ್ತಿತ್ತು. ಇಂಥ ಎಂಟು ಗುಂಡಿ, ಎಂಟು ನೆಗೆತ.

"ಬೇರೆ ಯಾವ ಜೋಡಿಯಲ್ಲೂ ಇಲ್ಲ! ನಮ್ಮ ಗೈಡ್ ಮೇಡಂ ಹೇಳ್ತಾರೆ, ಇದು ಚಾಂದ್ ಕಾ ಅಸರ್ ಇರ್ಬೋದು. ಆದ್ರೆ ಮಜಾ ಏನಂದ್ರೆ, ಹುಣ್ಣಿಮೆ ದಿನ ಅಲ್ಲ, ನಾಲ್ಕು ದಿನ ಮೊದ್ಲು. ಅಮಾವಾಸ್ಯೆಗೂ ನಾಲ್ಕು ದಿನ ಮೊದ್ಲು. ಭೂರಾನಿಗೆ ಅಡ್ವಾನ್ಸ್ ಆಗಿ ಗೊತ್ತಾಗತ್ತೆ, ಚಿಕ್ಕಮ್ಮ! ಮತ್ತೆ ಅವನಿಂದ ನಿಮಗೆ!"

ಅವಳು ನನ್ನ ಎರಡೂ ಕೈ ಹಿಡಿದು ಅಡುಗೆಮನೆಯಲ್ಲಿ ಕುಣಿದಳು. ನಾನೂ ಕುಣಿದೆ. ಅರವತ್ತೆರಡು ವಯಸ್ಸಿನಲ್ಲಿ, ಒಲೆಯ ಮೇಲೆ ಹಾಲಿಟ್ಟು, ಅವಲಕ್ಕಿ ಡಬ್ಬ ಬೀಳಿಸಿಕೊಂಡು ಕುಣಿದೆ. ಎರಡನೆಯ ಸುತ್ತಿನಲ್ಲಿ ನನ್ನ ಕಣ್ಣು ಗುಂಡಿಗಳ ಕೆಳಗಿನ ತಾರೀಕುಗಳ ಮೇಲೆ ಬಿತ್ತು. ಹುಣ್ಣಿಮೆಗೆ ನಾಲ್ಕು ದಿನ ಮೊದಲು. ಅಮಾವಾಸ್ಯೆಗೆ ನಾಲ್ಕು ದಿನ ಮೊದಲು. ಹಾಲು ಉಕ್ಕಿತು, ಆರಿಸಬೇಕೆಂದು ನನಗೆ ತೋಚಲೇ ಇಲ್ಲ.

ಏಕಾದಶಿ!

ನಮ್ಮ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲ. ಅನ್ನ ಮಾಡುವುದಿಲ್ಲ, ಮುಟ್ಟುವುದಿಲ್ಲ, ಯಾರಿಗೂ ಹಾಕುವುದಿಲ್ಲ. ನಮ್ಮವರು ಹಣ್ಣು, ನೆನೆಸಿದ ಸಾಬೂದಾನ, ಕಡಲೆಬೀಜ ಎಂದು ಎರಡು ತಟ್ಟೆ ಉಪವಾಸ ಮಾಡುತ್ತಾರೆ. ನಾನು ನೀರು ಕುಡಿದು ಕೂತಿರುತ್ತೇನೆ. ಮಾರನೆಯ ದಿನ ದ್ವಾದಶಿ, ಬೆಳಿಗ್ಗೆ ಆರಕ್ಕೆಲ್ಲ ಪಾರಣೆಯ ಊಟ. ಭೂರಾನಿಗೂ ಅಷ್ಟು ಹೊತ್ತಿಗೇ ತುಪ್ಪ ಬಿದ್ದ ಬಿಸಿ ಅನ್ನ, ಹೆಸರುಬೇಳೆ ತೊವ್ವೆ. ಅವನು ನೆಗೆಯದೆ ಇನ್ನೇನು ಮಾಡಿಯಾನು!

ಹಾಗಾದರೆ ಆ ಕೊನೆಯ ಕಾಲಮ್ಮಿನಲ್ಲಿ ನಾನು ಏನು ಬರೆದಿದ್ದೆ ಎಂದು ನೀವು ಕೇಳಬಹುದು. ಎಂಟು ಏಕಾದಶಿಗೂ ಚೊಕ್ಕ ಅಕ್ಷರದಲ್ಲಿ 'ಬದಲಾವಣೆ ಇಲ್ಲ' ಎಂದು ಬರೆದಿದ್ದೆ. ಊಟದ ಕಾಲಮ್ಮಿನಲ್ಲಿ 'ನಿಯಮದಂತೆ'. ದೇವರಾಣೆ, ಸುಳ್ಳು ಬರೆಯಬೇಕೆಂಬ ಯೋಚನೆಯೇ ನನಗಿರಲಿಲ್ಲ. ಹುಟ್ಟಿದಂದಿನಿಂದ ತಿಂಗಳಿಗೆ ಎರಡು ಸಲ ಬರುವ ಏಕಾದಶಿ ನಮಗೆ ಬದಲಾವಣೆ ಹೇಗಾದೀತು? ಅಂದು ಅನ್ನ ಬೇಯಿಸಿದ್ದರೆ ಅದು ಬದಲಾವಣೆ, ಖಂಡಿತ ಬರೆಯುತ್ತಿದ್ದೆ.

ಮೈತ್ರಿ ಕುಣಿಯುತ್ತಲೇ ಹೊರಟುಹೋದಳು. ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮವರಿಗೆ ಹೇಳಿದೆ. ಅವರು ನಗುತ್ತ ಸೋಫಾದಿಂದ ಜಾರಿದರು. "ಇನ್ನು ಮಠದ ಸ್ವಾಮಿಗಳಿಂದ ಅವನಿಗೊಂದು ಮುದ್ರಾಧಾರಣೆ ಮಾಡಿಸಿಬಿಡು, ಮೋಕ್ಷ ಗ್ಯಾರಂಟಿ!" ನನಗೆ ನಗು ಬರಲಿಲ್ಲ. ಹುಡುಗಿ ಹೋಗಿ ನಾಲ್ಕು ಜನ ಪಂಡಿತರ ಮುಂದೆ ನಮ್ಮ ಮನೆಯ ಉಪವಾಸವನ್ನು ಚಂದ್ರನ ತಲೆಗೆ ಕಟ್ಟುತ್ತಾಳೆ. ಹೇಳಿದರೆ ಅವಳ ವರ್ಷ ಹಾಳು, ಹೇಳದಿದ್ದರೆ ಅವಳ ಹೆಸರು ಹಾಳು. ಇದರ ಜೊತೆಗೆ ಮೂಕಪ್ರಾಣಿಯನ್ನು ಎಂಟು ದಿನ ಉಪವಾಸ ಕೆಡವಿದ ಪಾಪ ಬೇರೆ. ನನ್ನ ಬಿ.ಪಿ. ಯಾವ ಚಂದ್ರನನ್ನೂ ಕೇಳದೆ ಏರಿತು.

ಭಾನುವಾರ ಮತ್ತೆ ಏಕಾದಶಿ. ಭೂರಾ ಹಸಿವಿನಿಂದ ಏನು ಪಾಡು ಪಡುತ್ತಾನೋ ಕಣ್ಣಾರೆ ನೋಡಲೇಬೇಕು ಎಂದು ಕೆಳಗಿಳಿದೆ. ಅವನು ಹೊತ್ತಿಗೆ ಸರಿಯಾಗಿ ಬಂದ, ನನ್ನ ಖಾಲಿ ಕೈ ಮೂಸಿದ, ಅಚ್ಛಾ ಇವತ್ತಾ ಎನ್ನುವವನಂತೆ ಬಾಲ ಆಡಿಸಿ ತಿರುಗಿ ನಡೆದ. ನಾನು ಹಿಂದೆಯೇ ಹೋದೆ. ನೆಲ ಅಂತಸ್ತಿನ ಚಡ್ಡಾ ಆಂಟಿಯ ಹಿಂಬಾಗಿಲಲ್ಲಿ ಕೆನೆ ಹಚ್ಚಿದ ಪರಾಠಾ ತಿಂದ. ಗಾರ್ಡಿನ ಕ್ಯಾಬಿನ್ನಿನಲ್ಲಿ ಎರಡು ರೋಟಿ. ಪಕ್ಕದ ಬ್ಲಾಕಿನ ಬಂಗಾಲಿಗಳ ಮನೆಯಲ್ಲಿ ಅನ್ನದ ಜೊತೆ, ಶಿವ ಶಿವಾ, ಇಡೀ ಒಂದು ಮೀನಿನ ತಲೆ. ನಾನು ಬಾಯಿ ಬಿಟ್ಟು ನಿಂತದ್ದನ್ನು ಕಂಡು ಚಡ್ಡಾ ಆಂಟಿ ಕಿಟಕಿಯಿಂದ ಕೂಗಿದರು:

"ಅರೇ ಭಾಭೀಜಿ, ಆಪ್ ಕೀ ಏಕಾದಶಿ ಕಾ ಪತಾ ಹಮೇಂ ಇಸೀ ಸೇ ಚಲ್ತಾ ಹೈ!" ನಮ್ಮ ಮನೆಯ ಏಕಾದಶಿ ಯಾವತ್ತೆಂದು ಅವರಿಗೆ ತಿಳಿಯುವುದೇ ಇವನಿಂದಂತೆ!

ಹನ್ನೊಂದು ಗಂಟೆಯ ಹೊತ್ತಿಗೆ ಅವನ ಹೊಟ್ಟೆ ಮಡಕೆಯಾಗಿತ್ತು. ಎಂಟು ಏಕಾದಶಿಗೂ ನಾನು ಹಸಿದು ಕೂತಿದ್ದೆ, ಅವನು ತಿಂದು ಮಲಗಿದ್ದ. ಬ್ಲಾಕಿನ ಕೆಳಗೆ ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗಾರ್ಡುಗಳು ಗಾಬರಿಯಾಗುವಷ್ಟು ನಕ್ಕೆ. ಭೂರಾ ಬಂದು ನನ್ನ ಕಾಲಿನ ಹತ್ತಿರ ಧೊಪ್ಪನೆ ಬಿದ್ದುಕೊಂಡ. ನಕ್ಕ ಧೈರ್ಯದಲ್ಲೇ ಮೈತ್ರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ.

ಆ ಕಡೆಯಿಂದ ಸಣ್ಣ ದನಿ ಬಂತು. "ಬದಲಾವಣೆ ಇಲ್ಲ ಅಂತ ಬರ್ದಿದ್ರಲ್ಲ, ಚಿಕ್ಕಮ್ಮ."

"ಇರಲಿಲ್ಲವಲ್ಲೇ ಪುಟ್ಟಿ. ನಮ್ಮಲ್ಲಿ ಅದು ಬದಲಾವಣೆ ಅಲ್ಲ."

"ಹಾಂ, ಗೊತ್ತಾಯ್ತು. ನಾನು ಸುಳ್ಳು ಹೇಳಲ್ಲ. ಕಲ್ ಕಮಿಟಿಗೆ ನಾನೇ ಹೇಳಿ, ಹನ್ನೆರಡನೇದು ತೆಗೆದುಬಿಡ್ತೀನಿ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಯ್ಯಲಿಲ್ಲ. ನನಗೆ ಅಳು ಬಂತು. "ನಾನೂ ಬರ್ತೇನೆ" ಎಂದೆ.

ಸೋಮವಾರ ಪಾರಣೆ ಮುಗಿಸಿ, ಕಛೇರಿಯ ವಿಚಾರಣೆಗಳಿಗೆಂದೇ ಇಟ್ಟಿದ್ದ ಬೂದು ರೇಷ್ಮೆ ಉಟ್ಟು, ಮೆಟ್ರೋ ಹಿಡಿದು, ಆಮೇಲೆ ಆಟೋದಲ್ಲಿ ವಿಶ್ವವಿದ್ಯಾಲಯಕ್ಕೆ ಹೋದೆ. ಕೋಣೆಯಲ್ಲಿ ಗೈಡ್ ಮೇಡಂ, ಇನ್ನೂ ಮೂವರು, ಅವರಲ್ಲಿ ಒಬ್ಬರು ಸ್ವೆಟರ್ ತೊಟ್ಟ ಹಿರಿಯ ಪ್ರೊಫೆಸರು. ಮೈತ್ರಿ ಬೆನ್ನು ನೆಟ್ಟಗೆ ಮಾಡಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಗೈಡ್ ಮೇಡಂ ಹಣೆ ಒತ್ತಿಕೊಂಡರು. ಹನ್ನೊಂದು ಜೋಡಿ ಸಾಲದು ಎಂದು ಯಾರೋ ಅಂದರು. ನನಗೆ ತಡೆಯಲಾಗದೆ, ಕರೆಯದಿದ್ದರೂ ಎದ್ದುನಿಂತೆ. "ತಪ್ಪು ನನ್ನದು ಸರ್, ಅವಳದಲ್ಲ" ಎಂದು ಹಿಂದಿಯಲ್ಲಿ ಹೇಳಿ, ಏಕಾದಶಿ, ಪಾರಣೆ, ಪರಾಠಾ, ಮೀನಿನ ತಲೆ, ಯಾವುದನ್ನೂ ಬಿಡದೆ ನಿವೇದಿಸಿಕೊಂಡೆ. ಮೀನಿನ ತಲೆಗೆ ಬರುವಷ್ಟರಲ್ಲಿ ಇಬ್ಬರು ಕೆಮ್ಮುತ್ತ ಮುಖ ಮುಚ್ಚಿಕೊಂಡಿದ್ದರು.

ಹಿರಿಯ ಪ್ರೊಫೆಸರು ಮಾತ್ರ ಕಾಗದಗಳನ್ನು ತಿರುವುತ್ತಿದ್ದರು. "ಬಾಕಿ ದಿನ್ ತೋ ಖಾಕರ್, ಪಂದ್ರಹ್ ಮಿನಟ್ ಮೇಂ ಚಲಾ ಜಾತಾ ಹೈ" ಎಂದರು. "ಇನ್ ಆಠ್ ದಿನ್ ಪೂರೇ ಛಹ್ ಘಂಟೇ ಏಕ್ ಹೀ ಜಗಹ್ ಪಡಾ ಹೈ. ಕಹಾಂ?" ಉಳಿದ ದಿನ ತಿಂದು ಕಾಲುಗಂಟೆಯಲ್ಲಿ ಹೊರಡುವವನು ಈ ಎಂಟು ದಿನ ಆರಾರು ಗಂಟೆ ಒಂದೇ ಕಡೆ ಬಿದ್ದಿರುವುದು ಎಲ್ಲಿ ಎಂಬುದು ಅವರ ಪ್ರಶ್ನೆ.

"ನನ್ನ ಕುರ್ಚಿಯ ಹತ್ತಿರ, ಸರ್. ಅಂದು ಅಡುಗೆ ಇಲ್ಲವಲ್ಲ, ನಾನು ಸಂಜೆಯವರೆಗೂ ಕೆಳಗೇ ಕೂತಿರುತ್ತೇನೆ."

"ಆಪ್ ಕುಛ್ ಖಿಲಾತೀ ನಹೀಂ. ಉಸ್ ಕಾ ಪೇಟ್ ಭರಾ ಹೈ. ಫಿರ್ ಆತಾ ಕ್ಯೋಂ ಹೈ?"

ಮೂವತ್ತನಾಲ್ಕು ವರ್ಷ ಲೆಕ್ಕಪರಿಶೋಧಕರಿಂದ ಹಿಡಿದು ಸಂಸತ್ತಿನವರೆಗೆ ಬಂದ ಪ್ರಶ್ನೆಗಳಿಗೆಲ್ಲ ಉತ್ತರ ಬರೆದುಕೊಟ್ಟವಳು ನಾನು. ಊಟ ಸಿಗದಿದ್ದರೂ, ಹೊಟ್ಟೆ ತುಂಬಿದ್ದರೂ ಅವನು ಯಾಕೆ ಬರುತ್ತಾನೆ ಎಂಬುದಕ್ಕೆ ಯಾವ ನಿಯಮವೂ ನೆನಪಾಗಲಿಲ್ಲ.

"ಮೇರೇ ಪಾಸ್ ಬೈಠ್ನೇ ಆತಾ ಹೈ, ಸರ್."

ಹೇಳಿದ ಮೇಲೆಯೇ ನನಗೂ ಅದು ಗೊತ್ತಾದದ್ದು. ಕಣ್ಣು ತುಂಬಿತು. ಕೊಡೆ ಹಿಡಿದು ಓಡಾಡುತ್ತಿದ್ದವಳ ಹತ್ತಿರ, ಏನನ್ನೂ ಕೊಡದ ದಿನ, ಅವನು ಸುಮ್ಮನೆ ಕೂರಲು ಬರುತ್ತಿದ್ದ.

ಕಮಿಟಿ ಚಂದ್ರನನ್ನು ತೆಗೆಸಿತು, ನಮ್ಮಿಬ್ಬರನ್ನು ಉಳಿಸಿತು. ಅನ್ನಕ್ಕಾಗಿ ಬರುವ ನಾಯಿ ಯಾವುದು, ಜೊತೆಗಾಗಿ ಬರುವ ನಾಯಿ ಯಾವುದು ಎಂದು ಉಳಿದ ಹನ್ನೊಂದು ಜೋಡಿಗಳಿಂದ ತಿಳಿಯುವುದಿಲ್ಲ, ಅವರೂ ಹದಿನೈದು ದಿನಕ್ಕೊಂದು ದಿನ ಊಟ ಹಾಕದೆ ಬರಿಗೈಯಲ್ಲಿ ಕೂರಲಿ, ಇನ್ನೆರಡು ತಿಂಗಳು ನೋಡಿ ವರದಿ ಒಪ್ಪೋಣ ಎಂದರು. ನೆನಪಿಡಲು ಸುಲಭವೆಂದು ಮೈತ್ರಿ ಏಕಾದಶಿಯನ್ನೇ ಗೊತ್ತುಮಾಡಿದಳು. ಹೀಗೆ ವಸಂತ್ ಕುಂಜಿನಿಂದ ಗಾಜಿಯಾಬಾದಿನವರೆಗೆ, ಹನ್ನೊಂದು ಮನೆಗಳಿಗೆ ಮುನ್ನಾದಿನ ಫೋನಿನಲ್ಲಿ ಏಕಾದಶಿ ತಿಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ಬರಿಗೈ ದಿನ ಮೈತ್ರಿ ನಮ್ಮ ಬ್ಲಾಕಿನ ಕೆಳಗೇ ಬಂದು ಕೂತಳು. ಉಗುರು ಕಚ್ಚಿ ಕಚ್ಚಿ ಮುಗಿದಿತ್ತು. ನಾಯಿಗಳು ಬರದಿದ್ದರೆ ಅವಳ ಥೀಸಿಸ್ಸಿಗೆ ಅರ್ಥವೇ ಇರುತ್ತಿರಲಿಲ್ಲ. ಹತ್ತೂವರೆಯಿಂದ ಅವಳ ಫೋನಿಗೆ ಚಿತ್ರಗಳು ಬರತೊಡಗಿದವು. ಮಂಚದ ಕೆಳಗೊಂದು ನಾಯಿ, ಸ್ಕೂಟರಿನ ಪಕ್ಕ ಒಂದು, ಯಾರದೋ ಚಪ್ಪಲಿಯ ಮೇಲೆ ತಲೆಯಿಟ್ಟ ಇನ್ನೊಂದು. ಎರಡು ಗಂಟೆಗೆ ಹತ್ತಾದವು. ಉಳಿದದ್ದು ನೋಯ್ಡಾದ ಒಬ್ಬ ರಿಟೈರ್ಡ್ ಕರ್ನಲ್. ಕೋಳಿ ಹಾಕದಿದ್ದರೆ ತಮ್ಮ ನಾಯಿ ತಿರುಗಿಯೂ ನೋಡದು, ಇದೆಲ್ಲ ಬಕ್‌ವಾಸ್ ಎಂದು ಹಿಂದಿನ ದಿನ ಫೋನಿನಲ್ಲಿ ನನಗೇ ಗದರಿಸಿದ್ದರು. ಎರಡೂವರೆ ಆಯಿತು, ಮೂರಾಯಿತು. ಮೈತ್ರಿ ನನ್ನ ಕೈಯನ್ನು ನೋಯುವಷ್ಟು ಹಿಡಿದುಕೊಂಡಿದ್ದಳು. ಮೂರೂ ಹತ್ತಕ್ಕೆ ಅವಳ ಫೋನು ಬಡಿದುಕೊಂಡಿತು. ಎತ್ತಿದರೆ ಹಲೋ ಇಲ್ಲ, ನಮಸ್ತೆ ಇಲ್ಲ, ಪರೇಡ್ ಮೈದಾನಕ್ಕೇ ಕೇಳಿಸುವ ಗಂಟಲಿನಲ್ಲಿ ಕರ್ನಲ್ ಸಾಹೇಬರು ಮಗುವಿನಂತೆ ಕೂಗುತ್ತಿದ್ದರು:

"ಆ ಗಯಾ ಬೇಟಾ! ಬಿನಾ ಚಿಕನ್ ಕೇ, ಐಸೇ ಹೀ ಆ ಗಯಾ!"